ಮೊದಲು ಪೆನ್ನು, ಆಮೇಲೆ ಟ್ಯೂಬು: ಮೈ ತುರಿಕೆ, ಉರಿ ಬಂದಾಗ ಏನು ಮಾಡಬೇಕು

ಕೆಲವು ವರ್ಷಗಳ ಹಿಂದೆ ನನ್ನ ಸೊಂಟದ ಹತ್ತಿರ, ಬೆಲ್ಟ್ ಕೂರುವ ಜಾಗದಲ್ಲಿ, ಒಂದು ಕೆಂಪು ಮಚ್ಚೆ ಎದ್ದಿತು. ಬೆವರಿದರೆ ಸಾಕು, ಕೆರೆದು ಕೆರೆದು ಸುಸ್ತಾಗುತ್ತಿತ್ತು. ಮನೆಯ ಡ್ರಾಯರ್‌ನಲ್ಲಿ ಯಾರಿಗೋ ಯಾವಾಗಲೋ ಬರೆದುಕೊಟ್ಟ ಟ್ಯೂಬ್ ಒಂದಿತ್ತು. ಬಾಲ ಸುರುಳಿ ಸುತ್ತಿಕೊಂಡಿತ್ತು, ಅಕ್ಷರ ಅರ್ಧ ಅಳಿಸಿಹೋಗಿತ್ತು. ಹಚ್ಚಿದೆ. ಎರಡು ದಿನಕ್ಕೆ ತುರಿಕೆ ನಿಂತಿತು. ಭಲೇ ಅಂದುಕೊಂಡೆ. ಹಚ್ಚೋದು ಬಿಟ್ಟ ವಾರಕ್ಕೆ ಮಚ್ಚೆ ವಾಪಸ್ ಬಂತು, ಈ ಸಲ ಅಂಗೈ ಅಗಲ. ಮತ್ತೆ ಹಚ್ಚಿದೆ, ಮತ್ತೆ ಅಡಗಿತು, ಮತ್ತೆ ಬಂತು. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: “ಏನೂ ಹಚ್ಚುವ ಮೊದಲು ಇದು ನೋಡೋಕೆ ಹೇಗಿತ್ತು?” ನನಗೆ ನೆನಪೇ ಇರಲಿಲ್ಲ.

ಅದು ಹುಳುಕಡ್ಡಿ, ಅಂದರೆ ಚರ್ಮದ ಫಂಗಸ್ ಸೋಂಕು. ಟ್ಯೂಬ್‌ನಲ್ಲಿದ್ದದ್ದು ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತದೆ, ಆದರೆ ಫಂಗಸ್ಸನ್ನು ಮುಟ್ಟುವುದಿಲ್ಲ. ಕಾವಲುಗಾರನಿಗೆ ನಿದ್ದೆಮಾತ್ರೆ ಕೊಟ್ಟು ಕಳ್ಳನನ್ನು ಮನೆಯೊಳಗೇ ಬಿಟ್ಟ ಹಾಗೆ. ಅವನು ಒಳಗೆ ಆರಾಮಾಗಿ ಹರಡಿಕೊಂಡ.

ಆವತ್ತಿನಿಂದ ನನ್ನದೊಂದು ಕ್ರಮ: ಮೊದಲು ಪೆನ್ನು, ಆಮೇಲೆ ಟ್ಯೂಬು. ನಾನು ಡಾಕ್ಟರ್ ಅಲ್ಲ, ಕೆರೆದುಕೊಂಡು ಕಲಿತವನು. ಕಲಿತದ್ದನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಹಂತ 1: ಕಾಯಬಹುದಾ, ಈಗಲೇ ಓಡಬೇಕಾ?

ಬಹುತೇಕ ತುರಿಕೆ ಒಂದೆರಡು ದಿನ ಕಾಯುತ್ತದೆ. ಕೆಲವು ಮಾತ್ರ ಗಂಟೆಯೂ ಕಾಯುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಮುಂದೆ ಓದುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

- ಮೈಯೆಲ್ಲ ಗಂದೆ ಎದ್ದು, ಜೊತೆಗೆ ತುಟಿ, ನಾಲಿಗೆ ಊದಿಕೊಂಡು ಉಸಿರು ಕಟ್ಟಿದ ಹಾಗಾಗುವುದು, ತಲೆ ಸುತ್ತುವುದು.
- ಜ್ವರದ ಜೊತೆ ಕೆಂಪು ಅಥವಾ ನೇರಳೆ ಚುಕ್ಕೆಗಳು. ಗಾಜಿನ ಲೋಟದ ಬದಿಯನ್ನು ಅದರ ಮೇಲೆ ಒತ್ತಿ ನೋಡಿ. ಒತ್ತಿದರೂ ಬಣ್ಣ ಮಾಸದಿದ್ದರೆ ಚರ್ಮದೊಳಗೆ ರಕ್ತ ಜಿನುಗಿದೆ ಅಂತ.
- ಹೊಸ ಮಾತ್ರೆ ಶುರುಮಾಡಿದ ಕೆಲ ದಿನ ಅಥವಾ ವಾರಗಳಲ್ಲಿ ಚರ್ಮ ನೋಯುವುದು, ಗುಳ್ಳೆ ಎದ್ದು ಸುಲಿಯುವುದು, ಬಾಯಿ ಕಣ್ಣುಗಳಲ್ಲಿ ಹುಣ್ಣು.
- ಗಂಟೆಗಂಟೆಗೂ ಹರಡುವ ಬಿಸಿ ಕೆಂಪು ಬಾವು. ಅದರಲ್ಲೂ ಕಾಣುವುದು ಸ್ವಲ್ಪ, ನೋವು ಮಾತ್ರ ತಡೆಯಲಾಗದಷ್ಟು ಅನ್ನುವ ಥರ.

ಹಂತ 2: ನೋಡಿ, ಬರೆದಿಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಎಲ್ಲರೂ ಹಾರಿಬಿಡುವುದೂ ಇದನ್ನೇ.

ಕಿಟಕಿ ಬೆಳಕಲ್ಲಿ ಎರಡು ಫೋಟೋ ತೆಗೆಯಿರಿ. ಒಂದು ಹತ್ತಿರದಿಂದ. ಇನ್ನೊಂದು ದೂರದಿಂದ, ಮೈಯ ಯಾವ ಭಾಗ ಅಂತ ಗೊತ್ತಾಗಬೇಕು. ಮೈಬಣ್ಣ ಗಾಢವಾಗಿದ್ದರೆ “ಕೆಂಪು” ಕೆಂಪಾಗಿ ಕಾಣುವುದಿಲ್ಲ. ಕಂದು, ನೇರಳೆ, ಒಮ್ಮೊಮ್ಮೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಕಣ್ಣನ್ನು ನಂಬಿ ಕೂರದೆ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ: ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ? ಉಬ್ಬಿದೆಯಾ? ಒರಟಾಗಿದೆಯಾ?

ಈಗ ಪೆನ್ನು. ಒಂದು ದದ್ದಿನ ಸುತ್ತ ಸರಿಯಾಗಿ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ಮಾರನೇ ದಿನ ಅದೇ ಹೊತ್ತಿಗೆ ನೋಡಿ. ಗೆರೆಯೊಳಗೆ ಚರ್ಮ ನುಣುಪಾಗಿ, ಏನೂ ಆಗೇ ಇಲ್ಲ ಅನ್ನುವ ಹಾಗಿದ್ದು, ಹೊಸ ದದ್ದು ಬೇರೆಲ್ಲೋ ಎದ್ದಿದ್ದರೆ ಅದು ಪಿತ್ತದ ಗಂದೆ. ಒಂದೊಂದು ಗಂದೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತಿಲ್ಲದೆ ಅಳಿಯುತ್ತದೆ. ಅದಕ್ಕೆ ಮುಲಾಮು ಹಚ್ಚಿ ಪ್ರಯೋಜನವಿಲ್ಲ, ಅಲರ್ಜಿ ಮಾತ್ರೆ ಸಾಕು. ಗೆರೆಯೊಳಗೇ ದದ್ದು ಕೂತಿದ್ದರೆ ಕಥೆ ಬೇರೆ.

ಆಮೇಲೆ ನಾಲ್ಕು ಪ್ರಶ್ನೆ: ಎಲ್ಲಿ? ಯಾವಾಗ? ಇನ್ಯಾರಿಗೆ? ಹೊಸದೇನು?

“ಎಲ್ಲಿ” ಅನ್ನುವುದೇ ಅರ್ಧ ಉತ್ತರ. ಮೊಣಕೈ ಒಳಮಡಿಕೆ, ಮೊಣಕಾಲ ಹಿಂದೆ ಒಣಗಿ, ಒರಟಾಗಿ, ಚಿಕ್ಕಂದಿನಿಂದ ಹೋಗಿಬಂದು ಮಾಡುತ್ತಿದ್ದರೆ ಇಸುಬು, ಅಂದರೆ ಎಕ್ಸಿಮಾ. ಮೊಣಕೈ, ಮೊಣಕಾಲ ಹೊರಬದಿಯಲ್ಲಿ ದಪ್ಪ ಬೆಳ್ಳಿ ಬಣ್ಣದ ಹೊಟ್ಟು ಏಳುತ್ತಿದ್ದರೆ ಸೋರಿಯಾಸಿಸ್ ಇರಬಹುದು. ತೊಡೆಸಂದಿ, ಸೊಂಟದಲ್ಲಿ ಬಳೆಯ ಹಾಗೆ ಅಂಚು ಉಬ್ಬಿ, ನಡುವೆ ತಿಳಿಯಾಗುತ್ತಾ ಅಗಲವಾಗುತ್ತಿದ್ದರೆ ಹುಳುಕಡ್ಡಿ. ಕಿವಿಯ ಹಾಲೆ, ಗಡಿಯಾರದ ಪಟ್ಟಿಯ ಕೆಳಗೆ, ಪ್ಯಾಂಟಿನ ಗುಂಡಿ ತಾಗುವ ಹೊಕ್ಕುಳ ಕೆಳಗೆ ಇದ್ದರೆ ಲೋಹದಲ್ಲಿರುವ ನಿಕ್ಕಲ್ ಮೇಲೆ ಅನುಮಾನ ಪಡಿ. ಬೆವರು ನಿಲ್ಲುವ ಕಡೆ ಸಣ್ಣ ಸಣ್ಣ ಮುಳ್ಳು ಚುಚ್ಚಿದ ಹಾಗಿದ್ದರೆ ಬೆವರುಸಾಲೆ. ತಂಪು ಜಾಗದಲ್ಲಿ ಸಡಿಲ ಬಟ್ಟೆ ಹಾಕಿಕೊಂಡಿದ್ದರೆ ಅದು ತಾನಾಗೇ ಹೋಗುತ್ತದೆ.

“ಯಾವಾಗ, ಇನ್ಯಾರಿಗೆ” ಅನ್ನುವ ಎರಡು ಪ್ರಶ್ನೆ ಒಟ್ಟಿಗೆ ಹಿಡಿಯುವುದು ಕಜ್ಜಿಯನ್ನು. ಹಾಸಿಗೆ ಸೇರಿದ ಮೇಲೆ ತುರಿಕೆ ಜಾಸ್ತಿಯಾಗುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟ, ಕಂಕುಳು, ಗುಪ್ತಾಂಗದ ಸುತ್ತ ಗುಳ್ಳೆ ಏಳುತ್ತವೆ. ಮನೆಯಲ್ಲಿ ಇನ್ನೊಬ್ಬರೂ ಕೆರೆಯುತ್ತಿರುತ್ತಾರೆ. ಅರ್ಧ ಮಿಲಿಮೀಟರೂ ಇಲ್ಲದ ನುಸಿಯೊಂದು ಚರ್ಮದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುವುದರಿಂದ ಇದು ಬರುತ್ತದೆ. ಮೊದಲ ಸಲ ತಗುಲಿದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟರಲ್ಲಿ ಅದು ಮನೆಮಂದಿಗೆಲ್ಲ ಹಂಚಿಹೋಗಿರುತ್ತದೆ. “ನನಗೇನೂ ಆಗಿಲ್ಲ” ಅನ್ನುವವರನ್ನು ನಂಬಬೇಡಿ ಅನ್ನುವುದು ಇದಕ್ಕೇ.

“ಹೊಸದೇನು” ಅನ್ನುವ ಪ್ರಶ್ನೆಯಲ್ಲಿ ಒಂದು ಮೋಸ ಇದೆ. ಹೊಸ ಸೋಪು, ಹೊಸ ಬಟ್ಟೆ ಅಂತ ಹುಡುಕುತ್ತೇವೆ. ಆದರೆ ಹತ್ತು ವರ್ಷ ಬಳಸಿದ ಹೇರ್ ಡೈಗೂ, ಸೆಂಟಿಗೂ ಒಂದು ದಿನ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗಬಹುದು. ದದ್ದು ಕೂಡ ಮುಟ್ಟಿದ ತಕ್ಷಣ ಬರುವುದಿಲ್ಲ, ಒಂದರಿಂದ ಮೂರು ದಿನ ಬಿಟ್ಟು ಬರುತ್ತದೆ. ಹಾಗಾಗಿ ನಿನ್ನೆ ಮೊನ್ನೆ ಏನು ಮುಟ್ಟಿದಿರಿ ಅಂತ ಬರೆಯಿರಿ. ಸರಿಯಾಗಿ ಹಿಡಿಯಬೇಕೆಂದರೆ ಪ್ಯಾಚ್ ಟೆಸ್ಟ್ ಇದೆ: ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಆಮೇಲೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ.

ಹಂತ 3: ಇವತ್ತು ರಾತ್ರಿ ಮಲಗಬೇಕಲ್ಲ

ಕಾರಣ ಹುಡುಕುವುದು ಸರಿ, ಆದರೆ ಈಗ ತುರಿಯುತ್ತಿದೆ ಅಲ್ವಾ.

ಹ್ಯಾಫೆನ್‌ರೆಫರ್ ಎಂಬ ಜರ್ಮನ್ ವೈದ್ಯರು 1660ರಲ್ಲೇ ತುರಿಕೆ ಅಂದರೆ ಕೆರೆಯಬೇಕು ಅನ್ನಿಸುವಂಥ ಅಹಿತ ಅಂತ ಹೇಳಿಟ್ಟರು. ಇವತ್ತಿಗೂ ವೈದ್ಯರು ಅದನ್ನೇ ಹೇಳುತ್ತಾರೆ. ಕೆರೆದಾಗ ಸುಖ ಯಾಕೆ? ಉಗುರು ಸಣ್ಣ ನೋವು ಕೊಡುತ್ತದೆ. ಬೆನ್ನುಹುರಿಯಲ್ಲಿ ಆ ನೋವಿನ ಸುದ್ದಿ ತುರಿಕೆಯ ಸುದ್ದಿಯನ್ನು ತಡೆಯುತ್ತದೆ. ಆದರೆ ಅಷ್ಟರಲ್ಲಿ ಚರ್ಮ ಗೀರಿಹೋಗಿರುತ್ತದೆ, ಅಲ್ಲಿಂದ ಉರಿಯೂತ, ಉರಿಯೂತದಿಂದ ಇನ್ನಷ್ಟು ತುರಿಕೆ. ವರ್ಷಗಟ್ಟಲೆ ಕೆರೆದ ಜಾಗ ಆನೆಚರ್ಮದ ಹಾಗೆ ದಪ್ಪಗಾಗುವುದು ಹೀಗೆ.

ಹಾಗಾಗಿ ಉಪಾಯ ಇಷ್ಟೇ: ಉಗುರಿಲ್ಲದೆ ತುರಿಕೆಯನ್ನು ಮರೆಸುವುದು. ಒದ್ದೆ ತಂಪು ಬಟ್ಟೆಯನ್ನು ಹತ್ತು ನಿಮಿಷ ಇಡಿ. ಐಸನ್ನು ನೇರ ಚರ್ಮಕ್ಕೆ ತಾಗಿಸಬೇಡಿ. ಮಾಯಿಶ್ಚರೈಸರ್ ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಹಚ್ಚಿದರೆ ಅರ್ಧ ಸಮಾಧಾನ. ಕ್ಯಾಲಮೈನ್, ಮೆಂಥಾಲ್ ಇರುವ ಲೋಷನ್ ಕೂಡ ಇದೇ ಕೆಲಸ ಮಾಡುತ್ತವೆ. ಮೆಂಥಾಲ್ ತಂಪು ಗ್ರಹಿಸುವ ನರವನ್ನು ಎಬ್ಬಿಸುತ್ತದೆ. ಆದರೆ ಒಡೆದ ಚರ್ಮಕ್ಕೆ ಹಚ್ಚಿದರೆ ಉರಿಯುತ್ತದೆ. ತಡೆಯಲೇ ಆಗದಿದ್ದರೆ ಕೆರೆಯುವ ಬದಲು ಅಂಗೈಯಿಂದ ಒತ್ತಿ ಹಿಡಿಯಿರಿ, ತಟ್ಟಿ. ಉಗುರು ಬುಡಕ್ಕೆ ಕತ್ತರಿಸಿ. ನಿದ್ದೆಯಲ್ಲಿ ಕೆರೆಯುವ ಮಕ್ಕಳಿಗೆ ಕೈಗೆ ಹತ್ತಿಯ ಗವಸು.

ಬಿಸಿಬಿಸಿ ನೀರು ಸುರಿದುಕೊಂಡರೆ ಹಾಯ್ ಅನ್ನಿಸುತ್ತದೆ, ಗೊತ್ತು. ಅರ್ಧ ಗಂಟೆ ಬಿಟ್ಟು ಅದರ ಎರಡರಷ್ಟು ತುರಿಯುತ್ತದೆ.

ಅಲರ್ಜಿ ಮಾತ್ರೆ ಬಗ್ಗೆ ಒಂದು ಮಾತು. ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಇವು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ಗಂದೆಗೆ, ಸೊಳ್ಳೆ ಕಡಿತಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಇಸುಬಿನ ತುರಿಕೆಗೆ ಅಷ್ಟಾಗಿ ಇಲ್ಲ, ಯಾಕೆಂದರೆ ಅಲ್ಲಿ ಮುಖ್ಯ ಅಪರಾಧಿ ಹಿಸ್ಟಮಿನ್ ಅಲ್ಲ. ನಿದ್ದೆ ತರಿಸುವ ಹಳೇ ಮಾತ್ರೆಗಳ ಮಂಪರು ಮಾರನೇ ಬೆಳಗ್ಗೆಯೂ ಉಳಿಯುತ್ತದೆ. ಗಾಡಿ ಓಡಿಸುವವರು ಹುಷಾರು.

ಹಂತ 4: ಚರ್ಮಕ್ಕೆ ಎಣ್ಣೆ ಅಂಶ ವಾಪಸ್ ಕೊಡಿ

ಒಣ ಚರ್ಮವೇ ತುರಿಕೆಗೆ ಅತಿ ಸಾಮಾನ್ಯ ಕಾರಣ. ವಯಸ್ಸಾದವರಿಗಂತೂ ಹೆಚ್ಚಿನ ಸಲ ಇದೇ. ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳ ನಡುವೆ ಕೊಬ್ಬಿನ ಗಾರೆ ಇರುತ್ತದೆ. ಅದು ಕರಗಿದರೆ ನೀರು ಹೊರಗೆ ಹೋಗುತ್ತದೆ, ಕಿರಿಕಿರಿ ಮಾಡುವುದೆಲ್ಲ ಒಳಗೆ ಬರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ಗೋಡೆ ಸಡಿಲ. ಫಿಲಾಗ್ರಿನ್ ಎಂಬ ಪ್ರೋಟೀನ್‌ನ ಜೀನ್‌ನಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಜಾಸ್ತಿ ಅಂತ 2006ರಲ್ಲಿ ಗೊತ್ತಾಯಿತು. ಆರೋಗ್ಯದ ಚರ್ಮ ಸ್ವಲ್ಪ ಹುಳಿ, ಪಿಎಚ್ 5ರ ಆಸುಪಾಸು. ಸಾಮಾನ್ಯ ಸೋಪಿನದು 9, 10. ನೊರೆ ಬಂದಷ್ಟೂ ಸ್ವಚ್ಛ ಅನ್ನುವುದು ನಮ್ಮ ಭ್ರಮೆ. ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ಸೋಪು ಸಾಕು.

ಮಾಡುವ ರೀತಿ ಹೀಗೆ. ಉಗುರುಬೆಚ್ಚಗಿನ ನೀರಲ್ಲಿ ಐದರಿಂದ ಹತ್ತು ನಿಮಿಷ ಸ್ನಾನ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ತೆಗೆಯಿರಿ. ಮೈ ಇನ್ನೂ ಸ್ವಲ್ಪ ತೇವ ಇರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿ. ಬಾತ್‌ರೂಮಿನಿಂದ ಹೊರಗೆ ಬಂದು ಫೋನ್ ನೋಡಿ ಆಮೇಲೆ ಹಚ್ಚುತ್ತೇನೆ ಅಂದರೆ ಗಾಡಿ ಹೋದಮೇಲೆ ಟಿಕೆಟ್ ತಗೊಂಡ ಹಾಗೆ. ಡಬ್ಬಿ ಬಾತ್‌ರೂಮಿನ ಒಳಗೇ ಇರಲಿ. ರೋಮ ಇರುವ ದಿಕ್ಕಿಗೆ, ಮೇಲಿಂದ ಕೆಳಗೆ ಸವರಿ. ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆ ಏಳುತ್ತವೆ.

ತೆಳು ಲೋಷನ್‌ಗಿಂತ ಕ್ರೀಮ್ ಮೇಲು, ಕ್ರೀಮ್‌ಗಿಂತ ಜಿಡ್ಡಿನ ಆಯಿಂಟ್‌ಮೆಂಟ್ ಮೇಲು. ಆದರೆ ನೀವು ದಿನಾ ಹಚ್ಚುವುದು ಯಾವುದೋ ಅದೇ ಒಳ್ಳೆಯದು. ಸುವಾಸನೆ ಇಲ್ಲದ್ದು ಆರಿಸಿ. ಎಷ್ಟು ಹಚ್ಚಬೇಕು ಅಂದರೆ ಜನ ನಂಬುವುದಿಲ್ಲ: ಮೈಯೆಲ್ಲ ಇಸುಬು ಇರುವ ದೊಡ್ಡವರಿಗೆ ವಾರಕ್ಕೆ 500 ಗ್ರಾಮ್‌ವರೆಗೆ ಬೇಕಾಗುತ್ತದೆ. ಒಂದು ಎಚ್ಚರಿಕೆ: ಇಂಥ ಕ್ರೀಮ್ ನೆನೆದ ಬಟ್ಟೆ, ಹಾಸಿಗೆಗೆ ಕಿಡಿ ತಾಗಿದರೆ ಬೇಗ ಹತ್ತಿಕೊಳ್ಳುತ್ತದೆ. ಬೆಂಕಿ, ಸಿಗರೇಟಿನಿಂದ ದೂರ.

ಹಂತ 5: ಈಗ ಟ್ಯೂಬು

ಮೊದಲು ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದಿ. ದೊಡ್ಡ ಅಕ್ಷರದ ಹೆಸರು ಕಂಪನಿಯದು, ಔಷಧಿ ಇರುವುದು ಸಣ್ಣ ಅಕ್ಷರದಲ್ಲಿ. ಹೈಡ್ರೋಕಾರ್ಟಿಸೋನ್, ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಕಂಡರೆ ಅದು ಸ್ಟೀರಾಯ್ಡ್. ಮೊದಲನೆಯದು ಸೌಮ್ಯ, ಕೊನೆಯದು ಬಲು ಬಿರುಸು. ಕ್ಲೋಟ್ರಿಮಜೋಲ್, ಕೀಟೊಕೊನಜೋಲ್, ಟರ್ಬಿನಾಫಿನ್ ಕಂಡರೆ ಫಂಗಸ್ ಔಷಧಿ. ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಕಲಸಿದ ಟ್ಯೂಬುಗಳೂ ಇವೆ. ಯಾವ ರೋಗವೋ ಗೊತ್ತಿಲ್ಲ, ಯಾವುದಾದರೂ ಒಂದು ತಾಗಲಿ ಅನ್ನುವ ಲೆಕ್ಕದ ಈ ಮಿಶ್ರಣಗಳನ್ನು ಡಾಕ್ಟರ್ ಹೇಳದೆ ಮುಟ್ಟಬೇಡಿ. ನನ್ನನ್ನು ಕೆಡಿಸಿದ್ದು ಅಂಥದ್ದೇ ಅವಸರ.

ಹಾಗಂತ ಸ್ಟೀರಾಯ್ಡ್ ಅಂದರೆ ವಿಷ ಅಂತಲೂ ಅಲ್ಲ. ಇಸುಬಿಗೆ, ಅಲರ್ಜಿ ದದ್ದಿಗೆ ಅದೇ ಸರಿಯಾದ ಮದ್ದು. ಹೆದರಿ ಚೂರೇ ಚೂರು ಹಚ್ಚಿ, ಗುಣವಾಗದೆ, ತಿಂಗಳುಗಟ್ಟಲೆ ಎಳೆಯುವುದಕ್ಕಿಂತ ಸರಿಯಾದ ಅಳತೆಯಲ್ಲಿ ಕೆಲವೇ ದಿನ ಹಚ್ಚಿ ನಿಲ್ಲಿಸುವುದು ಒಳ್ಳೆಯದು. ಅಳತೆಗೆ 1991ರಿಂದ ಒಂದು ಸುಲಭ ಲೆಕ್ಕ ಇದೆ. ದೊಡ್ಡವರ ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಮ್. ಬೆರಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಅಷ್ಟು ಸಾಕು.

ಮುಖ, ರೆಪ್ಪೆ, ತೊಡೆಸಂದಿಯ ಚರ್ಮ ತೆಳು. ಅಲ್ಲಿಗೆ ಬಿರುಸು ಸ್ಟೀರಾಯ್ಡ್ ಬೇಡವೇ ಬೇಡ. ಚರ್ಮ ಇನ್ನೂ ತೆಳುವಾಗಿ ರಕ್ತನಾಳ ಕಾಣುತ್ತದೆ, ಮುಖದಲ್ಲಿ ಗುಳ್ಳೆ ಏಳುತ್ತವೆ, ಬಿಟ್ಟರೆ ಉರಿ ಕೆಂಪು. ಬಣ್ಣ ಬೆಳ್ಳಗಾಗಲಿ ಅಂತ ಹಚ್ಚುವವರೂ ಇದ್ದಾರೆ. ಏನು ಹೇಳೋದು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಹುಳುಕಡ್ಡಿಗೆ ಫಂಗಸ್ ಕ್ರೀಮನ್ನು ಮಚ್ಚೆಯ ಮೇಲಷ್ಟೇ ಅಲ್ಲ, ಅಂಚಿನಾಚೆ ಎರಡು ಬೆರಳು ಅಗಲದವರೆಗೂ ಹಚ್ಚಬೇಕು. ಸಾಮಾನ್ಯವಾಗಿ 2ರಿಂದ 4 ವಾರ. ತುರಿಕೆ ಮೊದಲ ವಾರದಲ್ಲೇ ನಿಲ್ಲುತ್ತದೆ, ಜನ ಬಿಟ್ಟುಬಿಡುವುದೂ ಆವಾಗಲೇ. ಟ್ಯೂಬ್ ಮೇಲೆ ಬರೆದಷ್ಟು ದಿನ ಮುಗಿಸಿ.

ಕಜ್ಜಿಗೆ ಡಾಕ್ಟರ್‌ಗಳು ಹೆಚ್ಚಾಗಿ ಕೊಡುವುದು 5% ಪರ್ಮೆಥ್ರಿನ್ ಕ್ರೀಮ್. ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ, ಬೆರಳ ಸಂದಿ, ಹೊಕ್ಕುಳು, ಉಗುರಿನ ಕೆಳಗೂ ಸೇರಿಸಿ ರಾತ್ರಿ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಒಂದು ವಾರ ಬಿಟ್ಟು ಇನ್ನೊಮ್ಮೆ. ಮನೆಯವರೆಲ್ಲರೂ ಅದೇ ರಾತ್ರಿ ಹಚ್ಚಿಕೊಳ್ಳಬೇಕು, ತುರಿಕೆ ಇರಲಿ ಬಿಡಲಿ. ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ ಡಾಕ್ಟರನ್ನು ಕೇಳಿ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ, ಮೈ ಸಿಗದ ನುಸಿ ಸಾಯುತ್ತದೆ. ಆಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆ. ಅದು ಸತ್ತ ನುಸಿಯ ಮೇಲಿನ ಸಿಟ್ಟು. ಮದ್ದು ಹಿಡಿಯಲಿಲ್ಲ ಅಂತ ದಿನಾ ಹಚ್ಚಿಕೊಂಡು ಚರ್ಮ ಸುಟ್ಟುಕೊಳ್ಳಬೇಡಿ.

ಹಂತ 6: ತುರಿಕೆಯಲ್ಲ, ನೋವು

ನೋವಿದ್ದರೆ ಲೆಕ್ಕ ಬದಲಾಗುತ್ತದೆ, ಗಡಿಯಾರ ಓಡುತ್ತಿರುತ್ತದೆ.

ಮೈಯ ಒಂದೇ ಬದಿಯಲ್ಲಿ, ಪಟ್ಟಿಯ ಹಾಗೆ, ಒಂದೆರಡು ದಿನದಿಂದ ಉರಿ. ಬಟ್ಟೆ ಸೋಕಿದರೂ ನೋವು, ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆಮೇಲೆ ಅದೇ ಜಾಗದಲ್ಲಿ ಗೊಂಚಲು ನೀರುಗುಳ್ಳೆ. ಇದು ಸರ್ಪಸುತ್ತು. ಹೆಸರಿನಲ್ಲಿ ಹಾವಿದೆ, ಕಾರಣ ಮಾತ್ರ ಹಿಂದೆಂದೋ ಬಂದುಹೋದ ಸಿಡುಬಿನಂಥ ಚಿಕನ್‌ಪಾಕ್ಸ್‌ನ ವೈರಸ್. ನರದ ಬುಡದಲ್ಲಿ ಮಲಗಿದ್ದು ಎದ್ದುಬಂದಿರುತ್ತದೆ. ವೈರಸ್ ತಡೆಯುವ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ತಡಮಾಡಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಗುಳ್ಳೆ ಮಾಸಿದ ಮೇಲೂ ತಿಂಗಳುಗಟ್ಟಲೆ ನರದ ನೋವು ಉಳಿಯುವ ಭಯ ಇದೆ. ಹಣೆ, ಮೂಗಿನ ತುದಿ, ಕಣ್ಣಿನ ಸುತ್ತ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಕಣ್ಣಿನ ಪ್ರಶ್ನೆ.

ಕಾಲಿನ ಒಂದು ಭಾಗ ಬಿಸಿಯಾಗಿ, ಕೆಂಪಾಗಿ, ಬಿಗಿದು ನೋಯುತ್ತಿದ್ದರೆ ಮತ್ತೆ ಪೆನ್ನು ತಗೊಳ್ಳಿ. ಕೆಂಪಿನ ಅಂಚಿಗೆ ಗೆರೆ ಎಳೆದು ಗಂಟೆ ಬರೆಯಿರಿ. ಇದು ಚರ್ಮದಡಿಯ ಸೋಂಕು, ಆಂಟಿಬಯಾಟಿಕ್ ಬೇಕು, ಮುಲಾಮಿನಿಂದ ಹೋಗುವುದಲ್ಲ. ಡಾಕ್ಟರಿಗೆ ತೋರಿಸಿ ಮಾತ್ರೆ ಶುರುಮಾಡಿದ ಮೇಲೂ ಕೆಂಪು ಬಣ್ಣ ಆ ಗೆರೆ ದಾಟಿ ಹೋಗುತ್ತಿದ್ದರೆ, ಚಳಿಜ್ವರ ಬಂದರೆ, ವಾಪಸ್ ಓಡಿ.

ಸುಟ್ಟಗಾಯಕ್ಕೆ ಒಂದೇ ಮಾತು: ಹರಿಯುವ ತಣ್ಣೀರು, 20 ನಿಮಿಷ, ಗಡಿಯಾರ ನೋಡಿಕೊಂಡು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ.

ಹಂತ 7: ದದ್ದೇ ಇಲ್ಲ, ಆದರೂ ತುರಿಯುತ್ತದೆ

ಕನ್ನಡಿಗೆ ಬೆನ್ನು ತೋರಿಸಿ ನಿಂತು ನೋಡಿ. ಕೈ ಸಿಗುವಲ್ಲೆಲ್ಲ ಗೀರು, ಕೈ ಸಿಗದ ಬೆನ್ನಿನ ನಡುಭಾಗ ಮಾತ್ರ ಚಿಟ್ಟೆಯ ಆಕಾರದಲ್ಲಿ ಸ್ವಚ್ಛ. ಅಂದರೆ ಚರ್ಮದಲ್ಲಿ ರೋಗ ಇಲ್ಲ, ಗುರುತೆಲ್ಲ ಉಗುರಿನವು. ಮೈ ಒಣಗಿದ್ದಕ್ಕೆ ಹೀಗಿರಬಹುದು. ಮಾಯಿಶ್ಚರೈಸರ್ ಎರಡು ವಾರ ನಿಯಮವಾಗಿ ಹಚ್ಚಿಯೂ ಹೋಗದಿದ್ದರೆ ಕಾರಣ ಒಳಗಿದೆಯಾ ಅಂತ ಹುಡುಕಬೇಕು. ಲಿವರ್, ಕಿಡ್ನಿ, ಥೈರಾಯ್ಡ್, ಕಬ್ಬಿಣದ ಕೊರತೆ, ಅಪರೂಪಕ್ಕೆ ರಕ್ತದ ಕಾಯಿಲೆ, ಇಲ್ಲವೇ ತೆಗೆದುಕೊಳ್ಳುತ್ತಿರುವ ಯಾವುದೋ ಮಾತ್ರೆ. ಒಂದು ಸುತ್ತು ರಕ್ತಪರೀಕ್ಷೆಯಲ್ಲಿ ಇವುಗಳಲ್ಲಿ ಹಲವು ಗೊತ್ತಾಗುತ್ತವೆ. ತೂಕ ಇಳಿಯುತ್ತಿದ್ದರೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರುತ್ತಿದ್ದರೆ, ಕಣ್ಣು ಹಳದಿಯಾಗಿದ್ದರೆ ಎರಡು ವಾರವೂ ಕಾಯಬೇಡಿ.

ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ದದ್ದಿಲ್ಲದೆ ಅಂಗೈ ಅಂಗಾಲು ತುರಿಸಿದರೆ ಅದು ಪಿತ್ತರಸ ತಡೆಯಿಂದ ಇರಬಹುದು. ಮಗುವಿಗೆ ತೊಂದರೆ ಆಗುವಂಥದ್ದು. “ಬಸುರಿಯಲ್ಲಿ ಇದೆಲ್ಲ ಇದ್ದದ್ದೇ” ಅಂತ ಹಿರಿಯರು ಹೇಳಿದರೂ ಅದೇ ದಿನ ಪರೀಕ್ಷೆ ಮಾಡಿಸಿ.

ಹಂತ 8: ಡಾಕ್ಟರ್ ಹತ್ತಿರ ಹೋಗುವಾಗ

ಎರಡು ವಾರ ಕಳೆದರೂ ಬಗ್ಗದ ದದ್ದು, ನಿದ್ದೆ ಕೆಡಿಸುವ ತುರಿಕೆ, ಕೀವು ಅಥವಾ ಜೇನಿನ ಬಣ್ಣದ ಹಕ್ಕಳೆ ಇದ್ದರೆ ಹೋಗಲೇಬೇಕು. ಆವತ್ತು ಬೆಳಗ್ಗೆ ಆ ಜಾಗಕ್ಕೆ ಏನನ್ನೂ ಹಚ್ಚಬೇಡಿ. ಫಂಗಸ್ ಇದೆಯಾ ಅಂತ ನೋಡಲು ಅಂಚಿನ ಹೊಟ್ಟನ್ನು ಕೆರೆದು ಮೈಕ್ರೋಸ್ಕೋಪಿನ ಕೆಳಗಿಡುತ್ತಾರೆ, ಕ್ರೀಮ್ ಇದ್ದರೆ ಅದು ಕಾಣುವುದಿಲ್ಲ. ಮೊದಲ ದಿನದ ಫೋಟೋ ತೋರಿಸಿ. ಬರೆದಿಟ್ಟ ಚೀಟಿ ಕೊಡಿ. ಹಚ್ಚಿದ್ದೆಲ್ಲದರ ಟ್ಯೂಬ್, ನಾಚಿಕೆಯಾದರೂ ಸರಿ, ಚೀಲಕ್ಕೆ ಹಾಕಿಕೊಂಡು ಹೋಗಿ. ನನ್ನ ಆ ಬಾಲ ಸುತ್ತಿದ ಟ್ಯೂಬನ್ನು ಡಾಕ್ಟರ್ ದೀಪದ ಕೆಳಗೆ ಹಿಡಿದು, ಅಳಿಸಿದ ಅಕ್ಷರವನ್ನು ಕಷ್ಟಪಟ್ಟು ಓದಿ, ನನ್ನನ್ನು ಒಮ್ಮೆ ನೋಡಿ, ತಮ್ಮ ಮೇಜಿನ ಕೆಳಗಿನ ಕಸದ ಬುಟ್ಟಿಗೇ ಹಾಕಿದರು.